ಮದುಮಗಳೇ ಮೈಕ್ ಹಿಡಿದರೆ: ನಗಿಸುವ, ಮನಸ್ಸು ಮುಟ್ಟುವ ಮಾತು ಬರೆಯುವುದು ಹೇಗೆ?

ಪ್ರಶ್ನೆ: ಮೇಡಂ, ಇನ್ನೊಂದು ತಿಂಗಳಿಗೆ ನನ್ನ ಮದುವೆ. ಸಂಜೆ ಎಲ್ಲರೂ ಸೇರಿರುವಾಗ ನಾನೂ ಒಂದೈದು ನಿಮಿಷ ಮಾತಾಡಬೇಕು ಅಂತ ಆಸೆ. ಜನ ನಗಬೇಕು, ಜೊತೆಗೆ ಅಪ್ಪ ಅಮ್ಮನಿಗೆ, ನನ್ನ ಹುಡುಗನಿಗೆ ಮನಸ್ಸಲ್ಲಿ ಇರುವುದನ್ನೂ ಹೇಳಬೇಕು. ಆದರೆ ನಾನು ಜೋಕ್ ಹೇಳುವವಳಲ್ಲ. ಬರೆಯಲು ಕೂತರೆ ಬರೀ ಥ್ಯಾಂಕ್ಸ್ ಪಟ್ಟಿ ಆಗುತ್ತಿದೆ. ಅಪ್ಪನ ಬಗ್ಗೆ ಒಂದು ಸಾಲು ಬರೆದರೆ ಸಾಕು, ಅಳು ಬರುತ್ತದೆ. ಹುಡುಗನ ಕಡೆಯವರ ಮನೆಮಾತು ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಅಭಿನಂದನೆ. ನೀವೇ ಮಾತಾಡಬೇಕು ಅಂತ ಮನಸ್ಸು ಮಾಡಿದ್ದು ಓದಿ ತುಂಬಾ ಖುಷಿಯಾಯಿತು. ಮದುವೆಯಲ್ಲಿ ಭಾಷಣ ಮಾಡುವ ರೂಢಿ ಇರುವ ಕಡೆಗಳಲ್ಲೂ ಬಹಳ ಕಾಲ ಮೈಕ್ ಹಿಡಿಯುತ್ತಿದ್ದವರು ಹುಡುಗಿಯ ಅಪ್ಪ, ಮದುಮಗ, ಮದುಮಗನ ಗೆಳೆಯ. ಎಲ್ಲರೂ ಮದುಮಗಳ ಬಗ್ಗೆ ಹೇಳುತ್ತಿದ್ದರು, ಅವಳು ನಗುತ್ತಾ ಕೂತು ಕೇಳುತ್ತಿದ್ದಳು. ಅವಳ ಬಾಯಿಂದಲೇ ನಾಲ್ಕು ಮಾತು ಕೇಳಬೇಕು ಅಂತ ಬಂದವರಿಗೆ ನಿಜವಾಗಿ ಆಸೆ ಇರುತ್ತದೆ. ನೀವು ಎದ್ದು ನಿಂತರೆ ಸಾಕು, ಎಲ್ಲರ ಕಿವಿ ನಿಮ್ಮ ಕಡೆಗೇ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರುತ್ತೇನೆ. ಜೋಕ್ ಹೇಳುವವಳಲ್ಲ ಅಂದಿದ್ದೀರಿ. ಹಾಗಾದರೆ ಜೋಕ್ ಹೇಳಲೇಬೇಡಿ. ನಗುವಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಅವರ ವಿದ್ಯಾರ್ಥಿಗಳು ಜನ ಓಡಾಡುವ ಜಾಗಗಳಲ್ಲಿ ನಿಂತು, ಯಾವ ಮಾತಿಗೆ ಜನ ನಗುತ್ತಾರೆ ಅಂತ ಬರೆದುಕೊಂಡರು. ಅಂಥ ಸುಮಾರು 1,200 ಸಂದರ್ಭಗಳನ್ನು ನೋಡಿದಾಗ, ಜೋಕ್ ಅನ್ನಬಹುದಾದ ಮಾತಿಗೆ ಬಂದ ನಗು ಶೇಕಡ 20ನ್ನೂ ದಾಟಲಿಲ್ಲ. ಉಳಿದದ್ದೆಲ್ಲ ದಿನನಿತ್ಯದ ಸಾದಾ ಮಾತಿಗೆ ಬಂದ ನಗು. ಒಬ್ಬರೇ ಇರುವಾಗಿಗಿಂತ ಜೊತೆಯಲ್ಲಿ ಜನ ಇದ್ದಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅನ್ನುವುದೂ ಅವರ ಕೆಲಸದಿಂದಲೇ ಗೊತ್ತಾದದ್ದು. ಮದುವೆಯ ಸಂಜೆ ಅಂದರೆ ಬೇಕಾದವರೆಲ್ಲ ಒಂದೇ ಕಡೆ ಸೇರಿ, ಖುಷಿಯಲ್ಲಿ ಕೂತಿರುವ ಹೊತ್ತು. ನಗುವುದಕ್ಕೆ ಅವರು ತಯಾರಾಗಿಯೇ ಬಂದಿರುತ್ತಾರೆ. ನೀವು ಕೊಡಬೇಕಾದದ್ದು ಅವರಿಗೆ ಗುರುತು ಸಿಗುವ ಒಂದು ನಿಜವಾದ ಸಂಗತಿ, ಅಷ್ಟೇ.

ನಗು ಬೇರೆ, ಭಾವನೆ ಬೇರೆ ಅಂದುಕೊಂಡು ಬರೆಯಲು ಕೂತರೆ ಕಷ್ಟವಾಗುತ್ತದೆ. ಮೊದಲು ಮೂರು ತಮಾಷೆ, ಆಮೇಲೆ ಎರಡು ಕಣ್ಣೀರು ಅಂತ ಲೆಕ್ಕ ಹಾಕಿದರೆ ಎರಡೂ ಕೃತಕವಾಗಿ ಕಾಣುತ್ತವೆ. ಮನಸ್ಸಲ್ಲಿ ಉಳಿಯುವ ಮದುವೆಯ ಮಾತುಗಳಲ್ಲಿ ಎರಡೂ ಒಂದೇ ಜಾಗದಿಂದ ಬರುತ್ತವೆ: ಆ ಮನುಷ್ಯನ ಯಾವುದೋ ಒಂದು ಚಿಕ್ಕ ಅಭ್ಯಾಸದಿಂದ. ಒಂದು ಸಲ ಅದೇ ಅಭ್ಯಾಸ ನಗು ತರಿಸುತ್ತದೆ, ಇನ್ನೊಂದು ಸಲ ಅದೇ ಅಭ್ಯಾಸ ಅವರು ಎಂಥವರು ಅಂತ ತೋರಿಸುತ್ತದೆ.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ನಿಮ್ಮ ಮೊದಲ ಕರಡಿನಲ್ಲಿ ಇಂಥ ಒಂದು ಸಾಲು ಇದ್ದೇ ಇರುತ್ತದೆ: "ಇವರು ತುಂಬಾ ಜವಾಬ್ದಾರಿಯ ಮನುಷ್ಯ, ತುಂಬಾ ಕೇರಿಂಗ್." ಸುಳ್ಳಲ್ಲ. ಆದರೆ ಯಾರ ಗಂಡನ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು ಇದು. ಈಗ ಇದನ್ನು ಓದಿ:

"ಕಾರು ನಿಲ್ಲಿಸಿ ಲಾಕ್ ಮಾಡಿದ ಮೇಲೆ ಇವರು ನಾಲ್ಕೂ ಬಾಗಿಲು ಎಳೆದು ನೋಡ್ತಾರೆ. ಹತ್ತು ಹೆಜ್ಜೆ ನಡೆದು ನಿಲ್ತಾರೆ. ನಾನು 'ಲಾಕ್ ಆಗಿದೆ ರೀ' ಅಂತೀನಿ. 'ಗೊತ್ತು' ಅಂತಾರೆ. ಆಮೇಲೆ ವಾಪಸ್ ಹೋಗಿ ಮತ್ತೆ ನಾಲ್ಕೂ ಬಾಗಿಲು ಎಳೀತಾರೆ. ನಾವಿಬ್ಬರೂ ಸೇರಿ ಇವತ್ತಿನವರೆಗೂ ಒಂದು ಸಿನಿಮಾನೂ ಶುರುವಿಂದ ನೋಡಿಲ್ಲ."

ಇಲ್ಲಿ ಜೋಕ್ ಇಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದೀರಿ. ಆದರೆ ಅವರ ಗೆಳೆಯರು ಮೊದಲ ಸಾಲಿಗೇ ನಗುತ್ತಾರೆ, ಯಾಕೆಂದರೆ ಅವರೂ ಆ ಕಾರಿನ ಪಕ್ಕ ಕಾದವರೇ. ಅವರನ್ನು ಇವತ್ತೇ ಮೊದಲ ಸಲ ನೋಡುತ್ತಿರುವವರಿಗೂ ಮನುಷ್ಯ ಕಣ್ಣೆದುರು ಬಂದುಬಿಡುತ್ತಾರೆ. ಇದರ ಹಿಂದೆಯೇ ಇದು ಬರಲಿ:

"ಹೋದ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ರು. ರಾತ್ರಿ ನಾನು ಕುರ್ಚಿಯಲ್ಲೇ ನಿದ್ದೆ ಹೋದೆ. ಎಚ್ಚರ ಆದಾಗೆಲ್ಲ ನೋಡ್ತೀನಿ, ಇವರು ಅಪ್ಪನ ಮಂಚದ ಪಕ್ಕ ನಿಂತು ಡ್ರಿಪ್ ಬಾಟಲಿ ನೋಡ್ತಿದ್ದಾರೆ. ಹೋಗಿ ಕೂರೋರು, ಮತ್ತೆ ಎದ್ದು ಬಂದು ನೋಡೋರು. 'ಸರಿಯಾಗಿದೆ, ನರ್ಸ್ ಈಗ ತಾನೆ ನೋಡಿ ಹೋದ್ರು' ಅಂದೆ. 'ಗೊತ್ತು' ಅಂದ್ರು. ಅವತ್ತಿಂದ ಕಾರಿನ ವಿಷಯಕ್ಕೆ ನಾನು ಬಾಯಿ ಬಿಟ್ಟಿಲ್ಲ."

ಪ್ರೀತಿ, ಕಾಳಜಿ, ಅದೃಷ್ಟ ಅನ್ನುವ ಪದಗಳು ಇದರಲ್ಲಿ ಒಂದೂ ಇಲ್ಲ ನೋಡಿ. ಆದರೂ ಎರಡನೇ "ಗೊತ್ತು" ಕೇಳಿದಾಗ ಸಭೆ ಸುಮ್ಮನಾಗುತ್ತದೆ. ಮೊದಲನೆಯದಕ್ಕೆ ನಕ್ಕವರೇ ಇವರು. ಆ ನಗುವಿನಲ್ಲಿ ಅವರ ಮನಸ್ಸು ಸಡಿಲವಾಗಿರುತ್ತದೆ, ಹಾಗಾಗಿ ಎರಡನೆಯದು ಸೀದಾ ಒಳಗೆ ಹೋಗುತ್ತದೆ. ಕ್ರಮ ಮಾತ್ರ ಅದಲು ಬದಲು ಮಾಡಬೇಡಿ. ಆಸ್ಪತ್ರೆಯ ಮಾತು ಮೊದಲು ಬಂದರೆ ಕಾರಿನ ಮಾತಿಗೆ ನಗಬೇಕೋ ಬೇಡವೋ ಅಂತ ಜನ ಹಿಂಜರಿಯುತ್ತಾರೆ. ಕೊನೆಯ ವಾಕ್ಯವನ್ನೂ ಗಮನಿಸಿ. ಮನಸ್ಸು ಭಾರವಾಗುವ ಹೊತ್ತಿಗೆ ಮತ್ತೆ ಒಂದು ಸಣ್ಣ ನಗುವಿಗೆ ಅದು ದಾರಿ ಬಿಡುತ್ತದೆ. ನಿಮಗೂ ಅಲ್ಲಿ ಉಸಿರು ತೆಗೆದುಕೊಳ್ಳಲು ಜಾಗ ಸಿಗುತ್ತದೆ.

ಇಂಥದ್ದನ್ನು ಹುಡುಕುವುದು ಹೇಗೆ? ಮೊದಲ ವಾರ ಏನೂ ಬರೆಯಲು ಹೋಗಬೇಡಿ, ಬರೀ ನೆನಪು ಹೆಕ್ಕಿ. ಫೋನಿನಲ್ಲಿ ಒಂದು ನೋಟ್ ತೆರೆದಿಟ್ಟು, ನೆನಪಾದಾಗ ಒಂದೊಂದು ಸಾಲು ಹಾಕುತ್ತಾ ಹೋಗಿ. ನಾನು ಮಾತು ಕಲಿಸುವಾಗ ಎಲ್ಲರಿಗೂ ಕೇಳುವ ಪ್ರಶ್ನೆ ಎರಡು. ಅವರ ಯಾವ ಅಭ್ಯಾಸ ನೋಡಿದರೆ ನಿಮಗೆ ಸಣ್ಣಗೆ ರೇಗುತ್ತದೆ? ಅದೇ ಅಭ್ಯಾಸ ಯಾವತ್ತಾದರೂ ನಿಮ್ಮ ಕೈ ಹಿಡಿದದ್ದು ಇದೆಯಾ? ಎರಡಕ್ಕೂ ಉತ್ತರ ಸಿಕ್ಕಿತು ಅಂದರೆ ಭಾಷಣದ ಬೆನ್ನೆಲುಬು ಸಿಕ್ಕ ಹಾಗೆ. ಸಿಗದಿದ್ದರೆ ಬೇರೆಯವರನ್ನು ಕೇಳಿ. ಅವರ ಅಕ್ಕನೋ ತಂಗಿಯೋ ಇದ್ದರೆ ಹತ್ತು ನಿಮಿಷ ಮಾತಾಡಿಸಿ. "ಚಿಕ್ಕವನಿದ್ದಾಗ ಹೇಗಿದ್ದ?" ಅಂತ ಕೇಳಿದರೆ "ಒಳ್ಳೆ ಹುಡುಗ" ಅನ್ನುವ ಉತ್ತರ ಬರುತ್ತದೆ. "ಮನೆಯಲ್ಲಿ ಯಾವ ವಿಷಯಕ್ಕೆ ಬೈಸಿಕೊಳ್ಳುತ್ತಿದ್ದ?" ಅಂತ ಕೇಳಿ, ಕಥೆಗಳು ಸಾಲಾಗಿ ಬರುತ್ತವೆ.

ಅಪ್ಪ ಅಮ್ಮನ ಭಾಗಕ್ಕೂ ಇದೇ ದಾರಿ. ಅಪ್ಪನ ಬಗ್ಗೆ ಬರೆದರೆ ಅಳು ಬರುತ್ತದೆ ಅಂದಿರಿ. ನೀವು ಬಹುಶಃ ನೇರವಾಗಿ ದೊಡ್ಡ ಮಾತಿಗೇ ಕೈ ಹಾಕುತ್ತಿದ್ದೀರಿ: ತ್ಯಾಗ, ಋಣ, ಏನು ಕೊಟ್ಟರೂ ತೀರದು ಅನ್ನುವ ಮಾತುಗಳು. ಅವು ಬರೆಯುವವರನ್ನು ಅಳಿಸುತ್ತವೆ, ಕೇಳುವವರಿಗೆ ಅಷ್ಟು ತಟ್ಟುವುದಿಲ್ಲ. ಅದರ ಬದಲು ಅಪ್ಪ ಮಾಡುವ ಒಂದು ಸಣ್ಣ ಕೆಲಸ ಹಿಡಿಯಿರಿ. "ಅಪ್ಪ ಫೋನ್ ಮಾಡಿದ್ರೆ ಎಂಟು ಸೆಕೆಂಡ್ ಮಾತಾಡ್ತಾರೆ. 'ತಲುಪಿದ್ಯಾ? ಸರಿ. ಅಮ್ಮನಿಗೆ ಕೊಡ್ತೀನಿ.' ನಾನು ಮನೆ ಬಿಟ್ಟು ಓದೋಕೆ ಹೋದಾಗಿಂದ ಇವತ್ತಿನವರೆಗೆ ಆ ಎಂಟು ಸೆಕೆಂಡ್ ಒಂದು ದಿನವೂ ತಪ್ಪಿಲ್ಲ." ಇಷ್ಟೇ ಸಾಕು. ಅಪ್ಪ ತಲೆ ತಗ್ಗಿಸಿ ನಗುತ್ತಾರೆ, ಅಮ್ಮ ಕಣ್ಣು ಒರೆಸಿಕೊಳ್ಳುತ್ತಾರೆ. ತಮಾಷೆಯ ಸಾಲು ಮೊದಲು ಇರುವುದರಿಂದ ನೀವೂ ಗಂಟಲು ಕಟ್ಟದೆ ಅಲ್ಲಿಯವರೆಗೆ ತಲುಪುತ್ತೀರಿ.

ಈಗ ಇಲ್ಲದ ಹಿರಿಯರನ್ನು ನೆನೆಯಬೇಕು ಅನಿಸಿದರೆ ಖಂಡಿತ ನೆನೆಯಿರಿ. ಎರಡು ಮೂರು ವಾಕ್ಯ ಸಾಕು, ಜಾಗ ಮಾತ್ರ ಭಾಷಣದ ಮಧ್ಯದಲ್ಲಿರಲಿ. ಶುರುವಿನಲ್ಲಿ ಬಂದರೆ ಸಭೆಗೆ ಮತ್ತೆ ನಗುವುದು ಕಷ್ಟ, ಕೊನೆಯಲ್ಲಿ ಬಂದರೆ ನಿಮಗೇ ಮಾತು ಮುಗಿಸುವುದು ಕಷ್ಟ.

ಥ್ಯಾಂಕ್ಸ್ ಪಟ್ಟಿಯ ವಿಷಯ ಬೇಗ ಮುಗಿಸುತ್ತೇನೆ. ಹೆಸರುಗಳನ್ನು ಸಾಲಾಗಿ ಓದಬೇಡಿ. ಇಪ್ಪತ್ತು ಹೆಸರು ಓದಿದರೆ ಬಿಟ್ಟುಹೋದ ಇಪ್ಪತ್ತೊಂದನೆಯವರಿಗೆ ಬೇಜಾರು, ಉಳಿದವರಿಗೆ ಬೋರು. ದೂರದಿಂದ ಬಂದವರಿಗೆ ಒಂದು ವಾಕ್ಯ, ವಾರಗಟ್ಟಲೆ ಓಡಾಡಿ ಕೆಲಸ ಮಾಡಿದವರಿಗೆ ಒಂದು ವಾಕ್ಯ, ಅಪ್ಪ ಅಮ್ಮ, ಅತ್ತೆ ಮಾವ ಇವರಿಗೆ ಮಾತ್ರ ಬೇರೆಯಾಗಿ. ಉಳಿದವರಿಗೆ ಆಮೇಲೆ ಹತ್ತಿರ ಹೋಗಿ ಕೈ ಹಿಡಿದು ಹೇಳಿ, ಅವರಿಗೂ ಅದೇ ಜಾಸ್ತಿ ಇಷ್ಟವಾಗುತ್ತದೆ. ಅತ್ತೆ ಮಾವನ ವಿಷಯದಲ್ಲಿ "ನನ್ನನ್ನು ಮಗಳಂತೆ ಕಂಡಿದ್ದಾರೆ" ಅಂತ ಹೇಳುವ ಬದಲು, ಹಾಗೆ ಕಂಡ ಒಂದು ಗಳಿಗೆಯನ್ನು ಹೇಳಿ. ಮೊದಲ ಸಲ ಮನೆಗೆ ಹೋದಾಗ ಅವರು ಹೇಳಿದ ಒಂದು ಮಾತು, ನೀವು ಹೆದರಿದ್ದನ್ನು ನೋಡಿ ಅವರು ಮಾಡಿದ ಒಂದು ಸಣ್ಣ ಕೆಲಸ, ಯಾವುದಾದರೂ ಆಗಬಹುದು.

ಯಾವುದಕ್ಕೆ ನಗಿಸಬಾರದು ಅನ್ನುವುದನ್ನೂ ಹೇಳಲೇಬೇಕು, ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಮೆರಿಕದ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ 2010ರಲ್ಲಿ ನಗುವಿನ ಬಗ್ಗೆ ಒಂದು ವಿವರಣೆ ಮುಂದಿಟ್ಟರು. ಏನೋ ಒಂದು ಸಣ್ಣ ಎಡವಟ್ಟು, ಹೀಗಿರಬಾರದಿತ್ತು ಅನಿಸುವಂಥದ್ದು ಕಾಣಬೇಕು. ಅದೇ ಕ್ಷಣದಲ್ಲಿ ಇದರಿಂದ ಯಾರಿಗೂ ಏನೂ ಆಗಿಲ್ಲ ಅಂತಲೂ ಅನಿಸಬೇಕು. ಎರಡೂ ಒಟ್ಟಿಗೆ ಬಂದಾಗ ನಗು. ಕಾರಿನ ಬಾಗಿಲು ಎಂಟು ಸಲ ಎಳೆಯುವುದು ಇಂಥದ್ದು. ಅವರ ತೂಕ, ಕೂದಲು, ಸಂಬಳ, ಹಳೆಯ ಪ್ರೀತಿ, ಕುಡಿದು ಮಾಡಿದ ರಗಳೆ, ಮಕ್ಕಳು ಯಾವಾಗ ಅನ್ನುವ ಮಾತು ಇವೆಲ್ಲ ಯಾರಿಗೋ ಚುಚ್ಚುತ್ತವೆ. ಚುಚ್ಚಿದ ಮೇಲೆ ಎಷ್ಟು ಜನ ನಕ್ಕರೂ ಪ್ರಯೋಜನವಿಲ್ಲ. ಮದುವೆಯಲ್ಲಿ ಎದ್ದು ಜಗಳ ಆಡುವಂತಿಲ್ಲ, ಹೊರಗೆ ಹೋಗುವಂತಿಲ್ಲ; ನಿಮ್ಮ ಮಾತಿಗೆ ಸಿಕ್ಕವರು ಸುಮ್ನೆ ನಗುತ್ತಾ ಕೂರಬೇಕು. ಆ ಸ್ಥಿತಿಗೆ ಯಾರನ್ನೂ ತರಬೇಡಿ. ಪರೀಕ್ಷೆ ಸುಲಭ: ಈ ಮಾತನ್ನು ಅವರು ನಾಳೆ ತಾವೇ ಇನ್ನೊಬ್ಬರಿಗೆ ನಗುತ್ತಾ ಹೇಳಿಕೊಳ್ಳುತ್ತಾರಾ? ಹೌದಾದರೆ ಇಟ್ಟುಕೊಳ್ಳಿ. ಅನುಮಾನ ಬಂದರೆ ತೆಗೆಯಿರಿ. ನಿಮ್ಮಿಬ್ಬರಿಗೆ ಮಾತ್ರ ಅರ್ಥವಾಗುವ ತಮಾಷೆಯೂ ಬೇಡ. ಇನ್ನೂರು ಜನರನ್ನು ಎದುರಿಗೆ ಕೂರಿಸಿಕೊಂಡು ಇಬ್ಬರೇ ನಕ್ಕರೆ ಉಳಿದವರಿಗೆ ಬಾಗಿಲ ಹೊರಗೆ ನಿಂತ ಹಾಗಾಗುತ್ತದೆ.

ಹುಡುಗನಿಗೆ ಬರಹ ಮೊದಲೇ ತೋರಿಸಬೇಕಾ? ಬೇಡ, ಅವರ ಮುಖ ಅವತ್ತೇ ಅರಳಲಿ. ಆದರೆ ಆಸ್ಪತ್ರೆ, ಕೆಲಸ ಹೋದದ್ದು, ಮನೆಯ ಕಷ್ಟ ಇಂಥ ಸಂಗತಿ ಬಳಸುವುದಾದರೆ "ಇದನ್ನು ಹೇಳಬಹುದಾ?" ಅಂತ ಸಂಬಂಧಪಟ್ಟವರನ್ನು ಕೇಳಿಯೇ ಹೇಳಿ. ಬರೆದದ್ದನ್ನು ಪೂರ್ತಿ ಕೇಳಿಸಲು ಒಬ್ಬರನ್ನು ಮಾತ್ರ ಆರಿಸಿಕೊಳ್ಳಿ. ನಿಮ್ಮನ್ನು ಹೊಗಳುವವರಿಗಿಂತ, ಬೋರಾದರೆ ಬೋರಾಯಿತು ಅಂತ ಮುಖಕ್ಕೆ ಹೇಳುವ ಗೆಳತಿ ಒಳ್ಳೆಯದು. ಬೇರೆ ಯಾರ್‍ಯಾರು ಮಾತಾಡುತ್ತಾರೆ ಅಂತಲೂ ವಿಚಾರಿಸಿ. ಕಾರಿನ ಕಥೆಯನ್ನು ಅವರ ಗೆಳೆಯ ನಿಮಗಿಂತ ಮೊದಲು ಹೇಳಿಬಿಟ್ಟರೆ ನಿಮ್ಮ ಎರಡನೇ ಭಾಗಕ್ಕೆ ನೆಲೆಯೇ ಇರುವುದಿಲ್ಲ.

ಬರೆಯುವಾಗ ಮಾತಾಡುವ ಕನ್ನಡದಲ್ಲೇ ಬರೆಯಿರಿ. "ಈ ಶುಭ ಸಂದರ್ಭದಲ್ಲಿ ನನ್ನ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸಲು ಇಚ್ಛಿಸುತ್ತೇನೆ" ಅಂತ ನೀವು ಅಮ್ಮನ ಹತ್ತಿರ ಯಾವತ್ತಾದರೂ ಮಾತಾಡಿದ್ದೀರಾ? ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗೆಳತಿಗೆ ಕಥೆ ಹೇಳುವ ಹಾಗೆ ಆ ಸಂಗತಿಯನ್ನು ಹೇಳಿ, ಆಮೇಲೆ ಕೇಳಿಸಿಕೊಂಡು ಹಾಗೇ ಬರೆದುಕೊಳ್ಳಿ. ನಗು ಬರುವ ಪದವನ್ನು ವಾಕ್ಯದ ಕೊನೆಗೆ ತನ್ನಿ. "ಇವರು ಮತ್ತೆ ಬಾಗಿಲು ಎಳೀತಾರೆ, ವಾಪಸ್ ಹೋಗಿ, ನಾನು ಹೇಳಿದ್ರೂ" ಅಂದರೆ ನಗು ಮಧ್ಯದಲ್ಲೇ ಕಳೆದುಹೋಗುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಹೇಗೂ ಕೊನೆಗೇ ಬರುತ್ತದೆ, ಅದನ್ನು ಅಲ್ಲೇ ಇರಲು ಬಿಟ್ಟರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ.

ಶುರು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. "ನನಗೆ ಭಾಷಣ ಬರಲ್ಲ, ತಪ್ಪಾದರೆ ಕ್ಷಮಿಸಿ" ಅಂತ ಶುರು ಮಾಡಬೇಡಿ. ಕೇಳುವವರು ಆ ಕ್ಷಣದಿಂದ ತಪ್ಪು ಹುಡುಕಲು ಶುರು ಮಾಡುತ್ತಾರೆ. ಎಲ್ಲರಿಗೂ ನಮಸ್ಕಾರ ಹೇಳಿ ಒಂದು ಉಸಿರು ಬಿಟ್ಟು ನೇರವಾಗಿ ಕಥೆಯ ಮೊದಲ ಸಾಲಿಗೆ ಹೋಗಿ. ಕೊನೆಯ ಮಾತು ಗಂಡನಿಗೆ, ಅವರ ಮುಖ ನೋಡಿಕೊಂಡು. ಅದು ದೊಡ್ಡ ಆಣೆ ಪ್ರಮಾಣ ಆಗಬೇಕಿಲ್ಲ. ಮೇಲಿನ ಉದಾಹರಣೆಯಲ್ಲೇ ಹೋದರೆ, "ಇನ್ನು ಮೇಲೆ ಬಾಗಿಲು ನೋಡೋಕೆ ವಾಪಸ್ ಹೋದಾಗ ಒಬ್ರೇ ಹೋಗ್ಬೇಡಿ, ನಾನೂ ಬರ್ತೀನಿ" ಅಂದರೆ ಸಾಕು. ಮೊದಲು ಹೇಳಿದ್ದನ್ನು ಕೊನೆಯಲ್ಲಿ ಮತ್ತೆ ಎತ್ತಿದಾಗ ಸಭೆಗೆ ಅದು ತನ್ನದೇ ಮಾತು ಅನಿಸುತ್ತದೆ.

ಉದ್ದದ ವಿಷಯ. ಐದು ನಿಮಿಷ ಸರಿಯಾದ ಅಳತೆ, ಅದಕ್ಕಿಂತ ಜಾಸ್ತಿ ಬೇಡ. ಪದ ಎಣಿಸಬೇಡಿ, ಗಡಿಯಾರ ಇಟ್ಟುಕೊಂಡು ನಿಂತು ಜೋರಾಗಿ ಓದಿ. ಮನೆಯಲ್ಲಿ ನಾಲ್ಕು ನಿಮಿಷ ಆದರೆ ಅಲ್ಲಿ ಐದು ಆಗುತ್ತದೆ, ಯಾಕೆಂದರೆ ನಗು, ಚಪ್ಪಾಳೆ, ನಿಮ್ಮ ಗಂಟಲು ಸರಿಮಾಡಿಕೊಳ್ಳುವುದು ಎಲ್ಲಕ್ಕೂ ಹೊತ್ತು ಹಿಡಿಯುತ್ತದೆ. ಒಬ್ಬೊಬ್ಬರ ಬಗ್ಗೆ ಒಂದೇ ಕಥೆ ಇಟ್ಟರೆ ಈ ಅಳತೆಯಲ್ಲಿ ನಿಲ್ಲುತ್ತದೆ.

ಎರಡು ಮನೆಮಾತಿನ ಪ್ರಶ್ನೆ ಇದೆಯಲ್ಲ, ಅದಕ್ಕೆ ಪ್ರತಿ ವಾಕ್ಯವನ್ನೂ ಎರಡು ಸಲ ಹೇಳುವುದು ಪರಿಹಾರವಲ್ಲ. ಹೊತ್ತು ಇಮ್ಮಡಿಯಾಗುತ್ತದೆ, ಅರ್ಧ ಸಭೆ ನಕ್ಕು ಮುಗಿಸಿದ ಮೇಲೆ ಇನ್ನರ್ಧಕ್ಕೆ ಅದೇ ಮಾತು ತಣ್ಣಗೆ ತಲುಪುತ್ತದೆ. ನಿಮ್ಮ ಕಥೆಗಳನ್ನು ನಿಮ್ಮ ಭಾಷೆಯಲ್ಲೇ ಹೇಳಿ. ಅವರ ಭಾಷೆಯಲ್ಲಿ ಶುರುವಿನ ನಮಸ್ಕಾರ, ಅತ್ತೆ ಮಾವನಿಗೆ ಹೇಳುವ ಎರಡು ಮೂರು ವಾಕ್ಯ ಕಲಿಯಿರಿ. ಹುಡುಗನ ಕಡೆಯ ಯಾರಾದರೂ ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು, ಉಚ್ಚಾರಣೆ ಸರಿಯಾಗುವವರೆಗೆ ಅಭ್ಯಾಸ ಮಾಡಿ. ನೀವು ಕಷ್ಟಪಟ್ಟು ಕಲಿತ ಆ ಮೂರು ವಾಕ್ಯ ಅವರಿಗೆ ಇಡೀ ಭಾಷಣದಷ್ಟೇ ದೊಡ್ಡದಾಗಿ ಕೇಳಿಸುತ್ತದೆ. ಕಾರಿನ ಕಥೆಯಂಥದ್ದಕ್ಕೆ ಕೈಯಲ್ಲಿ ಬಾಗಿಲು ಎಳೆದು ತೋರಿಸಿದರೆ ಭಾಷೆ ಬಾರದವರಿಗೂ ಅರ್ಥವಾಗುತ್ತದೆ.

ಇನ್ನು ಅಭ್ಯಾಸ. ಎಲ್ಲವನ್ನೂ ಉರು ಹೊಡೆಯಬೇಡಿ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಬಾಯಿಗೆ ಬರಲಿ. ಉಳಿದದ್ದಕ್ಕೆ ಕೈಯಲ್ಲಿ ಕಾರ್ಡ್ ಇರಲಿ. ಕೊನೆಯ ರಾತ್ರಿ ಕೂತು ಇಪ್ಪತ್ತು ಸಲ ಓದುವುದಕ್ಕಿಂತ ದಿನಕ್ಕೆ ಎರಡು ಸಲದಂತೆ ಹತ್ತು ದಿನ ಓದಿ. ಕಲಿಯುವುದನ್ನು ದಿನಗಳಿಗೆ ಹಂಚಿದರೆ ಚೆನ್ನಾಗಿ ಉಳಿಯುತ್ತದೆ ಅಂತ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದರು. ಕೂತು ಮನಸ್ಸಲ್ಲೇ ಓದಿಕೊಂಡರೆ ಲೆಕ್ಕಕ್ಕಿಲ್ಲ. ನಿಂತು, ಬಾಯಿ ಬಿಟ್ಟು, ಅವತ್ತು ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಓದಿ.

ಅಳುವಿಗೆ ಔಷಧಿಯೂ ಈ ಅಭ್ಯಾಸದಲ್ಲೇ ಇದೆ. ಯಾವ ಸಾಲಿನಲ್ಲಿ ಗಂಟಲು ಕಟ್ಟುತ್ತದೋ ಆ ಸಾಲನ್ನು ಒಬ್ಬರೇ ಇರುವಾಗ ಮತ್ತೆ ಮತ್ತೆ ಜೋರಾಗಿ ಹೇಳಿ. ಮೊದಲ ದಿನಗಳಲ್ಲಿ ಅಳುತ್ತೀರಿ, ಅಳಿ. ದಿನ ಕಳೆದಂತೆ ಅದರ ಹೊಡೆತ ಕಡಿಮೆಯಾಗುತ್ತದೆ, ಪ್ರೀತಿ ಹಾಗೇ ಇರುತ್ತದೆ. ಆದರೂ ಅವತ್ತು ಅಳು ಬಂತು ಅಂತಿಟ್ಟುಕೊಳ್ಳಿ. ಅಳುವಾಗ ದೇಹ ಜಾಸ್ತಿ ಗಾಳಿ ಎಳೆದುಕೊಳ್ಳಲು ಗಂಟಲ ದಾರಿಯನ್ನು ಅಗಲ ಮಾಡಿ ಹಿಡಿಯುತ್ತದೆ. ನುಂಗುವಾಗ ಅದೇ ದಾರಿ ಮುಚ್ಚಬೇಕು. ಆ ಎಳೆದಾಟವೇ ಗಂಟಲಲ್ಲಿ ಗಂಟು ಕೂತ ಹಾಗೆ ಅನಿಸುವುದು. ಅದರ ಮೇಲೆ ಬಲವಂತವಾಗಿ ಮಾತಾಡಿದರೆ ದನಿ ಒಡೆಯುತ್ತದೆ. ಮಾತು ನಿಲ್ಲಿಸಿ. ಮೈಕ್ ಕೆಳಗಿಳಿಸಿ. ಬಾಯಿಂದ ನಿಧಾನಕ್ಕೆ ಉಸಿರು ಹೊರಗೆ ಬಿಡಿ, ಒಂದು ಗುಟುಕು ನೀರು ಕುಡಿಯಿರಿ, ಮತ್ತೆ ಶುರು ಮಾಡಿ. ನಿಮಗೆ ಅದು ಒಂದು ಯುಗದಂತೆ ಅನಿಸುತ್ತದೆ, ಸಭೆಗೆ ಮಾತ್ರ ಐದಾರು ಸೆಕೆಂಡು. ಆ ಹೊತ್ತಿನಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಬಹಳ ಜನ ಚಪ್ಪಾಳೆ ತಟ್ಟುತ್ತಾರೆ. ಅಪ್ಪನ ಸಾಲು ಹೇಳುವಾಗ ಅಪ್ಪನ ಕಣ್ಣು ನೋಡಬೇಡಿ, ಅವರ ಹಿಂದಿನ ಸಾಲಿನಲ್ಲಿ ಕೂತವರನ್ನು ನೋಡಿ. ಸಾಲು ಮುಗಿದ ಮೇಲೆ ಅಪ್ಪನ ಕಡೆ ತಿರುಗಿ.

ಎದೆ ಬಡಿದುಕೊಳ್ಳುವುದಕ್ಕೆ ಒಂದು ಮಾತು. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮೊದಲು "ನನಗೆ ಉತ್ಸಾಹ ಬಂದಿದೆ" ಅಂತ ಹೇಳಿಕೊಂಡವರು "ನಾನು ಶಾಂತವಾಗಿದ್ದೇನೆ" ಅಂತ ಹೇಳಿಕೊಂಡವರಿಗಿಂತ ಚೆನ್ನಾಗಿ ಮಾತಾಡಿದರು. ಭಯಕ್ಕೂ ಉತ್ಸಾಹಕ್ಕೂ ಎದೆ ಒಂದೇ ರೀತಿ ಬಡಿದುಕೊಳ್ಳುತ್ತದೆ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಸುಲಭ. ಮದುವೆಯ ದಿನ ಅದು ಸುಳ್ಳೂ ಅಲ್ಲ, ಅಲ್ವಾ? ಇನ್ನೊಂದು ಧೈರ್ಯದ ವಿಷಯ: ನಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಅಂತ ನಾವು ಅಂದುಕೊಂಡಷ್ಟು ಅದು ಹೊರಗೆ ಕಾಣುವುದಿಲ್ಲ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸಂಗತಿಯನ್ನು ಮೊದಲೇ ತಿಳಿದುಕೊಂಡವರು ತಿಳಿಯದವರಿಗಿಂತ ಚೆನ್ನಾಗಿ ಭಾಷಣ ಮಾಡಿದರು. ನಿಮಗೂ ಈಗ ತಿಳಿಯಿತು. ಧೈರ್ಯಕ್ಕೆ ಅಂತ ಏನನ್ನೂ ಕುಡಿಯಬೇಡಿ, ನೀರು ಮಾತ್ರ.

ಕೈ ನಡುಗುವುದು ಕಾಣುವುದು ತೆಳು ಹಾಳೆಯಿಂದ. ದೊಡ್ಡ ಹಾಳೆ ಸಣ್ಣ ನಡುಕವನ್ನೂ ಪಟಪಟ ಅಂತ ದೊಡ್ಡದು ಮಾಡಿ ತೋರಿಸುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡ ದಪ್ಪ ಕಾರ್ಡ್ ತೆಗೆದುಕೊಂಡು ಒಂದು ಬದಿಗೆ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸಾಲು ಮುರಿಯಿರಿ. ಕಾರ್ಡಿಗೆ ನಂಬರ್ ಹಾಕಿ, ಕೈ ಜಾರಿ ಬಿದ್ದರೆ ಜೋಡಿಸಲು ಸುಲಭ. ಫೋನ್ ನೋಡಿ ಓದುವುದು ನನಗೆ ಇಷ್ಟವಿಲ್ಲ. ಸ್ಕ್ರೀನ್ ಆರುತ್ತದೆ, ಯಾರದೋ ಕರೆ ಬರುತ್ತದೆ, ಫೋಟೋಗಳಲ್ಲಿ ಮೆಸೇಜ್ ನೋಡುತ್ತಿರುವ ಹಾಗೆ ಕಾಣುತ್ತದೆ.

ಮೈಕ್ ಬಾಯಿಯಿಂದ ನಾಲ್ಕು ಬೆರಳಿನಷ್ಟು ದೂರ, ಗಲ್ಲದ ಹತ್ತಿರ ಇರಲಿ. ಮುಖ ತಿರುಗಿಸಿದಾಗ ಮೈಕ್ ಕೂಡ ಜೊತೆಗೆ ತಿರುಗಬೇಕು. ಗುಂಡಗಿನ ಜಾಲರಿ ತಲೆಯನ್ನು ಕೈಯಲ್ಲಿ ಮುಚ್ಚಬೇಡಿ, ಸ್ಪೀಕರ್ ಮುಂದೆ ನಿಲ್ಲಬೇಡಿ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ ಸುತ್ತು ಹೊಡೆದಾಗಲೇ ಆ ಕೀಂಯ್ ಅನ್ನುವ ಕರ್ಕಶ ಶಬ್ದ ಬರುವುದು. ಸ್ಟ್ಯಾಂಡ್ ಇದ್ದರೆ ಕೇಳಿ ಹಾಕಿಸಿಕೊಳ್ಳಿ, ಕಾರ್ಡ್ ಹಿಡಿಯಲು ಎರಡೂ ಕೈ ಸಿಗುತ್ತವೆ.

ಜನ ನಕ್ಕಾಗ ಅದರ ಮೇಲೆ ಮಾತಾಡಬೇಡಿ. ನಗು ಏರಿ ಇಳಿಯಲು ಶುರುವಾದಾಗ ಮುಂದಿನ ಸಾಲು ಎತ್ತಿ. ಪೂರ್ತಿ ನಿಲ್ಲುವವರೆಗೂ ಕಾದರೆ ಸಭೆ ಆರಿಹೋಗುತ್ತದೆ. ನಗಬೇಕಾದ ಕಡೆ ನಗಲಿಲ್ಲ ಅಂದರೆ? ವಿವರಿಸಲು ಹೋಗಬೇಡಿ, ಮುಂದಕ್ಕೆ ಹೋಗಿ. ನೀವು ಹೇಳುತ್ತಿರುವುದು ನಿಜ ಸಂಗತಿಯಾದ್ದರಿಂದ ನಗು ಬರದಿದ್ದರೂ ಅದು ಕಥೆಯಾಗಿ ನಿಲ್ಲುತ್ತದೆ. ಜೋಕ್ ಬೇಡ ಅಂತ ಮೊದಲೇ ಹೇಳಿದ್ದು ಇದಕ್ಕೂ ಸೇರಿಯೇ.

ಅವತ್ತು ಯಾವ ಹೊತ್ತಿಗೆ ಮಾತಾಡುತ್ತೀರಿ ಅನ್ನುವುದನ್ನು ಕಾರ್ಯಕ್ರಮ ನಡೆಸುವವರ ಹತ್ತಿರ ಮೊದಲೇ ನಿಗದಿ ಮಾಡಿಕೊಳ್ಳಿ. ಹಸಿದು ಕಾಯುತ್ತಿರುವವರ ಮುಂದೆ, ಊಟದ ಮಧ್ಯೆ, ತುಂಬಾ ತಡವಾದ ಮೇಲೆ ಬೇಡ. ಫೋಟೋ ತೆಗೆಯುವವರಿಗೆ ನೀವು ಮಾತಾಡುವಾಗ ಅಪ್ಪ ಅಮ್ಮನ ಮುಖ, ಹುಡುಗನ ಮುಖ ತೆಗೆಯಲು ಹೇಳಿ. ನಿಮ್ಮ ಫೋಟೋ ಹೇಗೂ ಬೇಕಾದಷ್ಟು ಇರುತ್ತದೆ. ಕಾರ್ಡುಗಳನ್ನು ಎರಡು ಸೆಟ್ ಮಾಡಿ. ಒಂದು ನಿಮ್ಮ ಹತ್ತಿರ, ಇನ್ನೊಂದು ಆ ಬೋರಾಯಿತು ಅಂತ ಹೇಳುವ ಗೆಳತಿಯ ಬ್ಯಾಗಿನಲ್ಲಿ. ಗಂಟಲು ಪೂರ್ತಿ ಕಟ್ಟಿಕೊಂಡರೆ ಅವಳು ಪಕ್ಕಕ್ಕೆ ಬಂದು ಎರಡು ಸಾಲು ಓದಲಿ, ಮುಂದಿನದನ್ನು ನೀವೇ ಓದಿ.

ಇನ್ನೂ ಒಂದು ತಿಂಗಳು ಇದೆ, ಹೊತ್ತು ಧಾರಾಳವಾಗಿದೆ. ಇವತ್ತೇ ಅವರ ಅಕ್ಕ ತಂಗಿಯರಿಗೋ ಹಳೆಯ ಗೆಳೆಯನಿಗೋ ಫೋನ್ ಮಾಡಿ, ಯಾವ ವಿಷಯಕ್ಕೆ ಬೈಸಿಕೊಳ್ಳುತ್ತಿದ್ದ ಅಂತ ಕೇಳಿ. ಕರಡು ತಯಾರಾದ ಮೇಲೆ ಬೇಕಿದ್ದರೆ ನನಗೆ ಮತ್ತೆ ಬರೆಯಿರಿ, ನೋಡಿ ಹೇಳುತ್ತೇನೆ.